ಆ್ಯಪ್ ಬಿದ್ದ ಸಂಜೆ

ನನ್ನ ಗಂಡ ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ತಿಳಿಯಲು ನಾನು ಹೂಗ್ಯಂನಿಂದ ಕೊಳ್ಳೇಗಾಲದ ಬಸ್ಸು ಹತ್ತಿದೆ. ಎದುರಿಗೆ ಕೂರಿಸಿಕೊಂಡು ಕೇಳಬಾರದಿತ್ತೇ ಎಂದರೆ, ಕೇಳಿದ್ದೆ. "ಒತ್ತಿದೀನಿ ಅಂದ್ನಲ್ಲ. ಎಷ್ಟ್ ಸಲ ಕೇಳೀಯೆ?" ಎಂದು ಎದ್ದು ಹೋಗಿದ್ದ.

ಒತ್ತಿದೆ ಎನ್ನುತ್ತಿದ್ದದ್ದು ಆ್ಯಪಿನ ಕೆಂಪು ಗುಂಡಿಯನ್ನು. ಆ ಆ್ಯಪ್ ಮಾಡಿದವಳು ನಾನೇ. ಹನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಕಾಡಂಚಿನ ಊರಿಗೆ ಸೊಸೆಯಾಗಿ ಬಂದಿದ್ದೇನೆ, ಸುಮ್ಮನಿರಲಾಗಲಿಲ್ಲ. ಅಟ್ಟಣೆಯ ಮೇಲೆ ಕೂತು ಮುಸುಕಿನ ಜೋಳ ಕಾಯುವವರು ಆನೆ ಕಂಡರೆ ಅದರ ಹೆಸರು ಬರೆದು ಗುಂಡಿ ಒತ್ತಬೇಕು, ಸುತ್ತಲಿನ ಹೊಲದವರ ಫೋನೆಲ್ಲ ಕಿರುಚಬೇಕು. ಊರವರಿಗೆ ಹಾಕಿಕೊಟ್ಟು ವಾರವೂ ಆಗಿರಲಿಲ್ಲ, ಭಾನುವಾರ ಮುಸ್ಸಂಜೆ ಆನೆ ಬಂತು. ಪಕ್ಕದ ಹೊಲದ ಮಹದೇವುವಿನ ಫೋನು ಕಿರುಚಲಿಲ್ಲ. ಅವನು ಓಡುವಾಗ ಹಳ್ಳಕ್ಕೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆ ಹೊತ್ತಿಗೆ ಹತ್ತಿರದ ಅಟ್ಟಣೆಯಲ್ಲಿದ್ದವನು ನನ್ನ ಗಂಡ ಶಾಂತಮೂರ್ತಿ ಒಬ್ಬನೇ.

ಮಹದೇವುವಿನ ತಾಯಿ ದೊಡ್ಡಬಸಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. "ಕಂಡೂ ಕಾಣ್ದಂಗೆ ಇದ್ಬುಟ್ಯಲ್ಲಪ್ಪ. ಬದು ಜಗಳ್ವ ಮನ್ಸಲ್ಲಿ ಮಡಿಕಂಡಿದ್ದಾ?" ಎಂದು ಕೇಳಿ ಹೋದಳು. ಬದುವಿನ ಜಗಳ ಇದ್ದದ್ದು ಸುಳ್ಳಲ್ಲ. ಶಾಂತಮೂರ್ತಿಯ ಫೋನಿನಲ್ಲಿ ಸಂದೇಶ ಕಳಿಸಿದ ಗುರುತೇ ಇಲ್ಲದ್ದೂ ಸುಳ್ಳಲ್ಲ. ಎರಡನ್ನೂ ಕೂಡಿಸಿ ನೋಡಿದಾಗಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಫೋನಿನಲ್ಲಿ ಉಳಿದಿದ್ದು ಒಂದೇ. ಆ ಸಂಜೆ ಆ್ಯಪ್ ಮುಗ್ಗರಿಸಿ ಬಿದ್ದಿತ್ತು, ತಾನಾಗಿಯೇ ಮುಚ್ಚಿಹೋಗಿತ್ತು; ಬೀಳುವ ಮುನ್ನ ಎಲ್ಲೆಲ್ಲಿ ಕಾಲಿಟ್ಟಿತ್ತೆಂದು ಒಂದಿಷ್ಟು ಸಾಲು ಬಿಟ್ಟಿತ್ತು. ಓದಿದರೆ ಬರೀ ಎ, ಬಿ, ಸಿ. ಆ್ಯಪ್ ಹಗುರಾಗಲೆಂದು, ಒಳಗಿನ ಒಂದೊಂದು ಕೆಲಸಕ್ಕೂ ನಾನಿಟ್ಟ ಹೆಸರನ್ನು ಕಂಪ್ಯೂಟರು ಒಂದಕ್ಷರಕ್ಕೆ ಇಳಿಸಿಬಿಡುತ್ತದೆ. ಯಾವ ಅಕ್ಷರ ಯಾವ ಹೆಸರಿನದೆಂದು ಹೇಳುವ ಫೈಲು ಬೇರೆ. ಅದಿಲ್ಲದೆ ಆ್ಯಪ್ ತೆರೆದಾಗಲೇ ಬಿತ್ತೋ, ಗುಂಡಿ ಒತ್ತಿದ ಮೇಲೆ ಬಿತ್ತೋ ಹೇಳುವಂತಿಲ್ಲ. ಫೈಲಿದ್ದ ಕಂಪ್ಯೂಟರು ಕೆಟ್ಟು ಕೊಳ್ಳೇಗಾಲದ ನಿರಂಜನನ ರಿಪೇರಿ ಅಂಗಡಿ ಸೇರಿತ್ತು.

ರಾಮಾಪುರದಲ್ಲಿ ಬಸ್ಸು ನಿಂತೇ ನಿಂತಿತು. ಡ್ರೈವರನ ಟೀ ಆರಲೂ ಇಲ್ಲ, ಮುಗಿಯಲೂ ಇಲ್ಲ. ನಿರಂಜನನಿಗೆ ಫೋನು ಮಾಡಿದೆ.

"ಅದುನ್ನ ಈಗ್ಲೇ ಅಳಿಸಿ ಹೊಸ್ದಾಗಿ ಹಾಕವ ಅಂತ ಕುಂತಿದ್ದೆ ಕಣಕ್ಕ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದೆ. ಪಕ್ಕದ ಹೆಂಗಸು ತನ್ನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಅವನು ಒತ್ತಿಲ್ಲವೆಂದಾದರೆ ಅವನ ಜೊತೆ ಬಾಳುವುದು ಹೇಗೆ? ಒತ್ತಿದ್ದರೆ ಮಹದೇವುವಿನ ಕಾಲು ಮುರಿದದ್ದು ನನ್ನ ಆ್ಯಪಿನಿಂದ. ತಪ್ಪು ನನ್ನದೇ ಆಗಲಪ್ಪ ಎಂದು ಮಾದಪ್ಪನಲ್ಲಿ ಬೇಡಿಕೊಂಡೆ. ಇಂಥ ಬೇಡಿಕೆ ಅವನೂ ಕೇಳಿರಲಿಕ್ಕಿಲ್ಲ.

ನಿರಂಜನನ ಅಂಗಡಿಯಲ್ಲಿ ಫೈಲು ಸಿಕ್ಕಿತು. ನನ್ನ ಫೋನಿಗೆ ಇಳಿಸಿಕೊಂಡು ತಂದಿದ್ದ ಸಾಲುಗಳನ್ನು ಅದರೊಂದಿಗೆ ಕೂಡಿಸಿದೆ. ಅಕ್ಷರಗಳೆಲ್ಲ ನಾನಿಟ್ಟ ಹೆಸರುಗಳಾಗಿ ಮರಳಿದವು. ಇಂಥದ್ದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಂಪು ಗುಂಡಿ ಒತ್ತಿದ್ದು. ಹೊಲ ಯಾವುದೆಂದು ಗುರುತಿಸಿದ್ದು. ಪ್ರಾಣಿಯ ಹೆಸರು ತೆಗೆದುಕೊಳ್ಳಲು ಹೋದದ್ದು. ಹೆಸರಿನ ಜಾಗ ಖಾಲಿ. ಅಲ್ಲೇ ಬಿದ್ದಿದೆ, ಸಂದೇಶ ಹೊರಟೇ ಇಲ್ಲ.

ಒತ್ತಿದ್ದ. ನಿರಂಜನನ ಮುಂದೆಯೇ ಅಳು ಬಂತು. ಹಿಂದೆಯೇ ಸಿಟ್ಟೂ ಬಂತು. ಫೋನು ಮಾಡಿ, "ಹೆಸರ್ಯಾಕೆ ಬರೀಲಿಲ್ಲ?" ಎಂದೆ.

"ದೀಪ ಅಚ್ಚೋ ಒತ್ನಲ್ಲಿ ಅದ್ರ ಎಸರ ಯಾರಾದ್ರೂ ಎತ್ತರಾ? ಅಟ್ಟಣೆ ಬುಡದಲ್ಲೇ ನಿಂತಿತ್ತು. ಒತ್ಬುಟ್ಟು ಜೇಬ್ಗಾಕಂಡು ಉಸ್ರು ಬುಡ್ದೆ ಕುಂತಿದ್ದೆ."

ಕತ್ತಲಾದ ಮೇಲೆ ಹೆಸರೆತ್ತಿದರೆ ಬಂದುಬಿಡುತ್ತದೆಂದು ಹಾವಿಗೆ ಹುಳ ಎನ್ನುವುದು ನನ್ನ ತವರು ಯಳಂದೂರಿನಲ್ಲೂ ಉಂಟು. ಫೋನಿನಲ್ಲಿ ಬರೆಯುವುದಕ್ಕೂ ಅದೇ ಕಟ್ಟು ಎಂದು ನನಗೆ ಹೊಳೆದಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲ ಹನೂರಿನ ಫ್ಯಾನಿನ ಕೆಳಗೆ, ಹಾಡುಹಗಲಲ್ಲಿ, ಆನೆ ಆನೆ ಎಂದು ಧಾರಾಳವಾಗಿ ಬರೆದು.

ಹೆಸರಿಲ್ಲದಿದ್ದರೂ ಕಿರುಚುವಂತೆ ಅಲ್ಲೇ ಕೂತು ಸರಿಮಾಡಿದೆ. ಊರಿಗೆ ಬಂದವಳು ನೇರ ದೊಡ್ಡಬಸಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ.

"ಕಳಿಸ್ದ ಅನ್ನು," ಎಂದಳು.

"ಕಳಿಸ್ದ. ನನ್ ಆ್ಯಪ್ ಸತ್ತೋಯ್ತು. ತಪ್ಪು ನಂದು."

ದೊಡ್ಡಬಸಮ್ಮ ಮಗನ ಕಟ್ಟು ಹಾಕಿದ ಕಾಲಿನ ಕೆಳಗಿನ ದಿಂಬು ಸರಿಮಾಡಿದಳು. "ನಿನ್ ಮ್ಯಾಲೆ ಸಿಟ್ಟದೆ, ಓಯ್ತದೆ ಬುಡು. ಅವುನ್ನ ಮನೆ ತಾವ ಬರಕೇಳು."

ನಾನು ಹೆಚ್ಚುಕಡಿಮೆ ಓಡಿಕೊಂಡೇ ಮನೆಗೆ ಬಂದೆ. ಶಾಂತಮೂರ್ತಿ ಅಟ್ಟಣೆಗೆ ಹೊರಡಲು ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅವನ ಫೋನಿಗೆ ಹೊಸ ಆ್ಯಪ್ ಹಾಕುತ್ತ ದೊಡ್ಡಬಸಮ್ಮ ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಈಗ ಓದಲು ಬರುವಂತಿದ್ದ ಸಾಲುಗಳನ್ನೂ ಮುಂದೆ ಹಿಡಿದೆ. ಅವನು ಅದರ ಕಡೆ ನೋಡಲಿಲ್ಲ.

"ಕೊಳ್ಳೇಗಾಲಕ್ಕೆ ಓಗಿದ್ದು ದೊಡ್ಡಬಸಮ್ಮನ್ಗೆ ತಿಳೀಲಿ ಅಂತ್ಲಾ, ನಿನ್ಗೆ ತಿಳೀಲಿ ಅಂತ್ಲಾ?"

ಮುಂದೆ ಹಿಡಿದಿದ್ದ ಸಾಲುಗಳನ್ನು ನಾನು ಕೆಳಗಿಳಿಸಿದೆ. 

ಅವನು ಟಾರ್ಚು ತೆಗೆದುಕೊಂಡು ಮೆಟ್ಟಿಲಿಳಿದ. ಫೋನು ನನ್ನ ಕೈಯಲ್ಲೇ ಉಳಿಯಿತು. "ತಕಂಡೋಗು," ಎಂದು ಕೂಗಿದೆ. ತಿರುಗಲಿಲ್ಲ. ಆಗಲೇ ಮಬ್ಬು ಕವಿಯುತ್ತಿತ್ತು. ಫೋನು ಹಿಡಿದುಕೊಂಡು ನಾನೂ ಅವನ ಹಿಂದೆ ಹೊಲದ ದಾರಿ ಹಿಡಿದೆ.