ನಂಬಿದವರ ಚೂರು

ಕಂದಿಕೆರೆಯಿಂದ ದಬ್ಬೇಘಟ್ಟಕ್ಕೆ ಸೊಸೆಯಾಗಿ ಬಂದಾಗ ಗಿರಿಜಾಂಬಿಕಾಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ರಟ್ಟು ಕಿತ್ತುಹೋದ ದಪ್ಪನೆಯ ನಿಘಂಟೊಂದಿತ್ತು. ಮೇಷ್ಟರಾಗಿದ್ದ ಅಪ್ಪ ಕೊಟ್ಟದ್ದು. ಅತ್ತೆ ಗುರುಸಿದ್ದಮ್ಮ ಅದನ್ನು ಎತ್ತಿ ನೋಡಿ, "ಇದೇನು ಪುರಾಣವೇನೇ?" ಎಂದು ಕೇಳಿದಳು. ಅಲ್ಲವೆಂದು ತಿಳಿದ ಮೇಲೆ, "ಹಪ್ಪಳದ ಡಬ್ಬದ ಮ್ಯಾಲೆ ಹೇರಕ್ಕಾದ್ರೂ ಆಯ್ತದೆ, ಬುಡು" ಎಂದಳು.

ಅದರಿಂದ ಆಟ ಹುಟ್ಟಿದ್ದು ಗೌರಿ ಹಬ್ಬದಲ್ಲಿ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ಮನೆಯ ಮಗಳು ದ್ರಾಕ್ಷಾಯಣಿ ಗಂಡ ವೀರಭದ್ರಯ್ಯನ ಜೊತೆ ತಿಪಟೂರಿನಿಂದ ಬಂದಿದ್ದಳು. ವೀರಭದ್ರಯ್ಯನಿಗೆ ಅಲ್ಲಿ ಕೊಬ್ಬರಿ ಮಂಡಿ ಇತ್ತು. ಈ ಮನೆಯ ಕೊಬ್ಬರಿ ಪ್ರತಿ ವರ್ಷವೂ ಬೇರೆ ಕಡೆ ನೋಡದೆ ಅವನ ಮಂಡಿಗೇ ಹೋಗುತ್ತಿತ್ತು. ಹಬ್ಬದ ಮಧ್ಯಾಹ್ನ ಹೊರಗೆ ಜಿಟಿಜಿಟಿ ಸೋನೆ. ಎಲ್ಲರೂ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಗಿರಿಜಾಂಬಿಕಾ ತವರಿನಲ್ಲಿ ಅಪ್ಪನೊಡನೆ ಆಡುತ್ತಿದ್ದ ಆಟವನ್ನು ಹೇಳಿಕೊಟ್ಟಳು.

ಪುಸ್ತಕ ಹಿಡಿದವರು ಯಾರಿಗೂ ಗೊತ್ತಿಲ್ಲದ ಒಂದು ಹಳೆಯ ಪದ ಓದಿ ಅದರ ಅರ್ಥ ಹೇಳಬೇಕು. ನಿಜವಾದದ್ದನ್ನೂ ಹೇಳಬಹುದು, ಕಟ್ಟಿಯೂ ಹೇಳಬಹುದು. ನಂಬಿದವರು ಅವರ ಮುಂದೆ ಒಂದು ಕೊಬ್ಬರಿ ಚೂರು ಇಡಬೇಕು. ಹೇಳಿದ್ದು ಸುಳ್ಳಾಗಿದ್ದರೆ ಚೂರುಗಳೆಲ್ಲ ಹೇಳಿದವರ ಬಾಯಿಗೆ. ಮುಂದೆ ಎಷ್ಟು ಚೂರು ಬಿದ್ದಿದೆಯೋ ಅಷ್ಟು ಜನ ಮೋಸಹೋದರೆಂದು ಲೆಕ್ಕ.

ಗಿರಿಜಾಂಬಿಕಾಳ ಗಂಡ ಬೆಟ್ಟಸ್ವಾಮಿಗೆ ಸುಳ್ಳು ಹೇಳಲು ಬಾರದು. ಬಾಯಿ ತೆರೆಯುವ ಮೊದಲೇ ನಗುತ್ತಿದ್ದ. ಪುಸ್ತಕ ಗಿರಿಜಾಂಬಿಕಾಳ ಕೈಗೆ ಬಂತು. ಅವಳು ಹಾಳೆ ಮಗುಚಿ, "ಬಾವುಗ" ಎಂದು ಓದಿದಳು. ದನಿ ತಗ್ಗಿಸಿ ಹೇಳಿದಳು: "ಸಾವಾದ ಮನೇಲಿ ಒಲೆ ಹಚ್ಚಲ್ವಲ್ಲ, ಆಗ ಅಕ್ಕಪಕ್ಕದೋರು ಸೆರಗಿನಲ್ಲಿ ಮುಚ್ಚಿಕೊಂಡು ತರೋ ಅಂಬಲಿ. ಅದಕ್ಕೆ ಬಾವುಗ ಅಂತಾರೆ." ಹೇಳುವಾಗ ಅವಳ ಕಣ್ಣು ಒದ್ದೆಯಾದವು.

"ಹೂಂ ಕಣೇ!" ಎಂದಳು ಗುರುಸಿದ್ದಮ್ಮ. "ನಮ್ಮಜ್ಜಿ ಹೇಳೋದು. ನಮ್ಮಪ್ಪ ಹೋದಾಗ ಪಕ್ಕದ ಮನೆಯೋರು ಬಾವುಗ ತಂದಿದ್ರು ಅಂತ. ನಾನೇ ಕುಡಿದಿದ್ದೀನಿ." ಎಲ್ಲರಿಗಿಂತ ಮೊದಲು ಅವಳೇ ಚೂರು ಇಟ್ಟಳು.

ವೀರಭದ್ರಯ್ಯ ಪುಸ್ತಕ ಕಿತ್ತುಕೊಂಡು ಓದಿದ. "ಬಾವುಗ. ಗಂಡು ಬೆಕ್ಕು."

ನಗೆ ಸೂರು ಹಾರಿಸಿತು. "ಅತ್ತೆ, ನೀವು ಗಂಡು ಬೆಕ್ಕು ಕುಡಿದಿದ್ರಾ!" ಎಂದು ವೀರಭದ್ರಯ್ಯ ತೊಡೆ ತಟ್ಟಿಕೊಂಡ. ದ್ರಾಕ್ಷಾಯಣಿಗೆ ನಕ್ಕು ನಕ್ಕು ಕೆಮ್ಮು ಬಂತು. ಗುರುಸಿದ್ದಮ್ಮನೂ ನಕ್ಕಳು. ಆದರೆ ಎಲ್ಲರ ನಗೆ ನಿಂತ ಮೇಲೂ ಅವಳು ಸೊಸೆಯ ಮುಖವನ್ನೇ ನೋಡುತ್ತಿದ್ದಳು. "ಅಬ್ಬಬ್ಬ, ಕಣ್ಣಾಗೆ ನೀರು ತಂದ್ಕಂಡು ಹೇಳಿದ್ಲಲ್ಲಪ್ಪ" ಎಂದಳು. ಆಮೇಲೆ ಹಾಲು ಒಡೆದರೂ, ಕರು ಹಗ್ಗ ಬಿಚ್ಚಿಕೊಂಡರೂ, ಸೊಸೆ ಹೇಳಿದ್ದಕ್ಕೆಲ್ಲ ಅವಳದು ಒಂದೇ ಮಾತು: "ಬಾವುಗ ಏನೇ?"

ಶಿವರಾತ್ರಿ ಕಳೆದ ಮೇಲೆ ಅಟ್ಟದ ಕಾಯಿ ಇಳಿಸಲು ವೀರಭದ್ರಯ್ಯ ಹೆಂಡತಿಯೊಡನೆ ಬಂದ. ವರ್ಷವಿಡೀ ಮುಟ್ಟದೆ ಅಟ್ಟದ ಮೇಲೆ ಒಣಗಿದ ಕಾಯಿಗಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಗುಡುಗುಡು ಉರುಳಿದರೆ ಅದು ಗಿಟುಕಾಗಿದೆ ಎಂದು ಕೆಳಗಿಳಿಸುವುದು. ಇಲ್ಲವಾದರೆ ಅಲ್ಲೇ ಬಿಡುವುದು. ಅಟ್ಟದ ಬಿದಿರು ಹಳೆಯದು, ಭಾರ ತಡೆಯದು. ಹಗುರಾಗಿದ್ದವಳೆಂದು ಗಿರಿಜಾಂಬಿಕಾಳನ್ನು ಹತ್ತಿಸಿದರು. ಕಾಯಿ ಪರೀಕ್ಷೆ ಮಾಡುವವನು ತಾನೆಂದು ವೀರಭದ್ರಯ್ಯ ಗೋಡೆಯ ಅಂಚು ಹಿಡಿದುಕೊಂಡು ಹಿಂದೆಯೇ ಹತ್ತಿದ. ಬೆಟ್ಟಸ್ವಾಮಿ ಇಳಿಸಿದ ಕಾಯಿಗಳನ್ನು ಗಾಡಿಗೆ ತುಂಬಿಕೊಂಡು ಕಣಕ್ಕೆ ಹೊಡೆದುಕೊಂಡು ಹೋಗಿದ್ದ.

ಅವನು ವಾಪಸು ಬಂದಾಗ ಏಣಿಯ ಬುಡದಲ್ಲಿ ಕಾಯಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಹೆಂಡತಿ ಕೊಟ್ಟಿಗೆಯಲ್ಲಿ ಎಮ್ಮೆಯ ಮರೆಗೆ ನಿಂತಿದ್ದಳು. ಎಡಗೈಯ ಬಳೆಗಳು ಒಡೆದಿದ್ದವು. ಮೊಣಕೈವರೆಗೆ ಉದ್ದಕ್ಕೆ ಗೀರು.

"ಅಣ್ಣ ಅಂತ ಕರೀತಿದ್ದೆ ಕಣ್ರೀ ನಾನು" ಎಂದಳು. "ಹಿಂದಿನಿಂದ ಹಿಡ್ಕಂಡ್ರು. ಬಾಯಿ ಮುಚ್ಚಿದ್ರು. ಕಾಯಿ ರಾಶಿ ಒದ್ದು ಕೆಡವಿ, ಸದ್ದಿಗೆ ಕೈ ಬುಟ್ಟಾಗ ಕೆಳಕ್ಕೆ ಹಾರಿದೆ."

ಬೆಟ್ಟಸ್ವಾಮಿ ಗೀರನ್ನು ನೋಡಿದ. ಅವನ ಕಿವಿ ಕೆಂಪಾದವು. ಬಾಗಿಲವರೆಗೂ ಹೋದವನು ತಿರುಗಿ ಬಂದ. "ಅಮ್ಮಂಗೆ ಹೇಳಾನ. ಅಮ್ಮ ಕೇಳ್ತದೆ."

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿದ್ದರು. ವೀರಭದ್ರಯ್ಯ ಕಂಬಕ್ಕೆ ಒರಗಿ ಕೊಬ್ಬರಿ ಬೆಲ್ಲ ಮೆಲ್ಲುತ್ತಿದ್ದ. ಗುರುಸಿದ್ದಮ್ಮ, "ಅದೇನೋ ಹೇಳ್ಬೇಕಂತಲ್ಲ, ಎಲ್ಲರ ಮುಂದೇನೆ ಹೇಳು" ಎಂದಳು. ಗಿರಿಜಾಂಬಿಕಾ ಹೇಳಿದಳು. ಗಂಡ ಒಬ್ಬ ನಂಬಿದರೆ ಸಾಕು, ಈ ಮನೆಯಲ್ಲಿ ಬದುಕಬಹುದು ಎಂದುಕೊಂಡು ಅವನ ಮುಖ ನೋಡಿಕೊಂಡೇ ಹೇಳಿದಳು. ಕೊನೆಗೆ ದನಿ ತಗ್ಗಿ, ಕಣ್ಣಲ್ಲಿ ನೀರು ಬಂತು.

ವೀರಭದ್ರಯ್ಯ ಬೆಲ್ಲ ನುಂಗಿದ. "ಇವತ್ತು ಪುಸ್ತಕ ಇಲ್ದೇನೆ ಶುರು ಮಾಡ್ಬುಟ್ಯಲ್ಲ ತಂಗಿ" ಎಂದ.

ದ್ರಾಕ್ಷಾಯಣಿ ಕಿಸಕ್ಕನೆ ನಕ್ಕಳು. ನಕ್ಕವಳು ಎದ್ದು ಬಂದು ಗಿರಿಜಾಂಬಿಕಾಳ ಗೀರನ್ನು ಒಂದು ಗಳಿಗೆ ನೋಡಿ, ಸೆರಗನ್ನು ಅದರ ಮೇಲೆ ಎಳೆದಳು. "ಕಾಯಿ ಮಟ್ಟೆ ತರಚಿರೋದು" ಎಂದಳು. ಮತ್ತೆ ಅವಳು ಯಾರ ಕಡೆಗೂ ನೋಡಲಿಲ್ಲ.

"ಇದೇ ಮುಖ ಕಣ್ರಪ್ಪ" ಎಂದಳು ಗುರುಸಿದ್ದಮ್ಮ. "ಸಾವಿನ ಮನೆ ಅಂಬಲಿ ಅಂದಾಗ್ಲೂ ಹಿಂಗೇ ನೀರು ತುಂಬ್ಕಂಡಿದ್ಲು. ಕಣ್ಣೂ ಇದೇ, ದನೀನೂ ಇದೇ."

"ಲಿಂಗ ಮುಟ್ಟಿ ಹೇಳ್ತೀನಿ ಅತ್ತೆ."

"ಸತ್ತೋರ ಮೇಲೆ ಸುಳ್ಳು ಕಟ್ಟಿದೋಳು ಲಿಂಗನ ಬುಟ್ಟೀಯಾ?" ಗುರುಸಿದ್ದಮ್ಮ ಅಳಿಯನ ಮುಂದಿದ್ದ ತಟ್ಟೆಯನ್ನು ನಡುವೆ ತಳ್ಳಿದಳು. "ನೀನೇ ಹೇಳಿಕೊಟ್ಟ ಆಟ ತಾನೆ? ನಂಬೋರು ಚೂರು ಇಡ್ರಪ್ಪ."

ಯಾರೂ ಕೈ ಹಾಕಲಿಲ್ಲ. ಹೊರಗೆ ಎಮ್ಮೆ ಒಮ್ಮೆ ಕೂಗಿತು. ಬೆಟ್ಟಸ್ವಾಮಿ ಮುಂದೆ ಬಗ್ಗಿ ತಟ್ಟೆಯಿಂದ ಒಂದು ಚೂರು ತೆಗೆದುಕೊಂಡ. ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಅದನ್ನು ಹೆಂಡತಿಯ ಮುಂದೆ, ಅವಳ ಕಾಲಿನ ಹತ್ತಿರ, ನೆಲದ ಮೇಲೆ ಇಟ್ಟ.

ಗಿರಿಜಾಂಬಿಕಾ ಉಸಿರು ಬಿಟ್ಟಳು.

"ಬಿದ್ದ! ಬಿದ್ದ!" ಎಂದು ವೀರಭದ್ರಯ್ಯ ಕೈ ಚಪ್ಪಾಳೆ ತಟ್ಟಿದ. "ಅತ್ತೆ ಬೆಕ್ಕು ಕುಡಿದ್ರು, ಮಗ ಅಟ್ಟ ನುಂಗ್ದ!"

ಗುರುಸಿದ್ದಮ್ಮ ಈಗ ನಿಜಕ್ಕೂ ನಕ್ಕಳು. ಗೌರಿ ಹಬ್ಬದಿಂದ ಕಟ್ಟಿಟ್ಟುಕೊಂಡಿದ್ದ ನಗು. "ಹೆಂಡ್ರು ಕಟ್ಟಿದ್ದನ್ನೆಲ್ಲ ನಂಬೋನು ಕಣ್ರೀ ನನ್ನ ಮಗ. ನಾಳೆ ಊರಾಗೆ ಎಲ್ಲರೂ ಬಾವುಗ ಅಂತಾರೆ ಕಣ್ಲಾ ನಿಂಗೆ, ತಿಳ್ಕ."

ಬೆಟ್ಟಸ್ವಾಮಿಯ ಮುಖದಲ್ಲಿ ಅವನ ಹಳೆಯ ನಗೆ, ಸುಳ್ಳು ಹೇಳುವ ಮೊದಲೇ ಬಂದುಬಿಡುವ ನಗೆ ಬಂತು. "ನಾನೂ ತಮಾಷೆಗೆ ಇಟ್ಟೆ ಕಣಮ್ಮ" ಎಂದ. ಚೂರನ್ನು ನೆಲದಿಂದ ಎತ್ತಿ, ಧೂಳು ಊದಿ, ಬಾಯಿಗೆ ಹಾಕಿಕೊಂಡ. ಒಣ ಕೊಬ್ಬರಿ ಅಗಿಯುವ ಸದ್ದು ಬಹಳ ಹೊತ್ತು ಕೇಳಿತು.

"ಅರ್ಧ ಅಟ್ಟ ಹಂಗೇ ಐತೆ" ಎಂದಳು ಗುರುಸಿದ್ದಮ್ಮ ಸೊಸೆಗೆ, ಏಳುತ್ತಾ. "ಬೆಳಿಗ್ಗೆ ಬೇಗ ಹತ್ತು. ಅಳಿಯಂದಿರಿಗೂ ಊರಿಗೆ ಹೋಗೋ ಕೆಲಸ ಐತೆ."

ಬೆಳಿಗ್ಗೆ ಏಣಿ ಜಾರದಂತೆ ಬೆಟ್ಟಸ್ವಾಮಿಯೇ ಬುಡ ಹಿಡಿದು ನಿಂತ. ಹೆಂಡತಿ ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟು ಅವನನ್ನು ನೋಡಿದಳು. ಅವನು ಏಣಿಯ ಹಗ್ಗದ ಕಟ್ಟನ್ನು ಬಿಗಿಮಾಡುತ್ತಿದ್ದ. ಅವಳು ಹತ್ತಿದಳು. "ಸರಿಯಾಗಿ ಹಿಡ್ಕಳೋ ಬೆಟ್ಟಸ್ವಾಮಿ" ಎಂದು ಅವನ ಹೆಗಲು ತಟ್ಟಿ ವೀರಭದ್ರಯ್ಯ ಹಿಂದೆ ಹತ್ತಿದ.

ಮೇಲಿನಿಂದ ಕಾಯಿಗಳು ಒಂದೊಂದಾಗಿ ಬಂದವು. ಬೆಟ್ಟಸ್ವಾಮಿ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಹಿಡಿದು ಹಿಡಿದು ಪಕ್ಕಕ್ಕೆ ಹಾಕಿದ. ಆಮೇಲೆ ಕಾಯಿ ಬರುವುದು ನಿಂತಿತು.

ಅವನ ಕೈಯಲ್ಲಿ ಕೊನೆಯದೊಂದು ಉಳಿದಿತ್ತು. ಅಟ್ಟದ ಬಿದಿರು ಕಿರುಗುಟ್ಟಿತು. ಅವನು ಕಾಯಿಯನ್ನು ಕಿವಿಗೆ ಒತ್ತಿ ಹಿಡಿದು ಅಲ್ಲಾಡಿಸಿದ. ಒಳಗೆ ಗಿಟುಕು ಗುಡುಗುಡು ಉರುಳಿತು. ಚೆನ್ನಾಗಿ ಒಣಗಿದ್ದು ಗೊತ್ತಾಯಿತು. ಆದರೂ ಅವನು ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ.