ಮಣ್ಣಿನ ಬಣ್ಣ

"ಬೆಟ್ಟ ಒಣಗ್ತಾ, ಸ್ವಲ್ಪ ಮುಟ್ಟಿ ನೋಡೆ," ಎಂದು ಡ್ರೈವರು ಮೇಜಿನಡಿಯಿಂದ ಕೂಗಿದರು.

ಹೆಂಡತಿ ಕಿರುಬೆರಳು ತಾಗಿಸಿದಳು. "ಇನ್ನೂ ಹಸಿ. ನೀವು ವೈರು ಸಿಕ್ಕಿಸಿ, ನಾನು ಬೀಸ್ತೀನಿ." ಹಳೆಯ ರಟ್ಟೊಂದನ್ನು ಹಿಡಿದು ಗುಡ್ಡಗಳಿಗೆ ಗಾಳಿ ಹಾಕತೊಡಗಿದಳು.

ಊಟದ ಮೇಜನ್ನು ಪುಟಾಣಿ ರೈಲು ಆಕ್ರಮಿಸಿ ಎರಡು ತಿಂಗಳಾಗಿತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದರು. ಹುಲ್ಲು, ಮರ ಎಲ್ಲ ಆಮೇಲೆ. ಮೊದಲು ಬಿಳಿ ಪ್ಲಾಸ್ಟರಿನ ನೆಲಕ್ಕೆಲ್ಲ ಮಣ್ಣಿನ ಬಣ್ಣ ಬೀಳಬೇಕು. ಡ್ರೈವರು ಬೆಳಿಗ್ಗೆಯಿಂದ ಅಗಲ ಬ್ರಷ್ಷಿನಲ್ಲಿ ಬಳಿದದ್ದೇ ಬಳಿದದ್ದು. ಕಾಲು ಮುರಿದು ಮೂರು ತಿಂಗಳು ಮಂಚ ಹಿಡಿದಿದ್ದ ಗಾರ್ಡು ಇವತ್ತೇ ಮೊದಲ ಸಲ ಮನೆಯಿಂದ ಹೊರಗೆ ಬರುವವರಿದ್ದರು. ಇವರು ಎಂಜಿನ್ನಿನಲ್ಲಿ, ಅವರು ಕೊನೆಯ ಡಬ್ಬಿಯಲ್ಲಿ, ಇಬ್ಬರೂ ಒಂದೇ ರೈಲಿನ ಎರಡು ತುದಿಯಲ್ಲಿ ಮೂವತ್ತು ವರ್ಷ ಸವೆಸಿದವರು.

"ಅವನ ಕಣ್ಮುಂದೆ ಒಂದು ಸುತ್ತು ಓಡಿದ್ರೆ ಸಾಕು ಕಣೆ," ಎಂದು ಡ್ರೈವರು ಹತ್ತು ಸಲ ಹೇಳಿದ್ದರು.

ನಾಲ್ಕು ಗಂಟೆಗೆ ಸರಿಯಾಗಿ ಕೋಲೂರುತ್ತ ಗಾರ್ಡು ಬಂದರು. ಡ್ರೈವರು ಗುಂಡಿ ತಿರುಗಿಸಿದರು. ಎಂಜಿನ್ನು ಒಮ್ಮೆ ಮಿಸುಕಿ ನಿಂತಿತು. ಮತ್ತೆ ತಿರುಗಿಸಿದರು. ಅದೂ ಇಲ್ಲ. ಡ್ರೈವರ ಮುಖ ಸಣ್ಣದಾಯಿತು.

ಗಾರ್ಡು ಕನ್ನಡಕ ಏರಿಸಿ ಬಾಗಿದರು. "ಅಲ್ಲಯ್ಯಾ, ಹಳಿಯ ನೆತ್ತಿಗೂ ಮಣ್ಣು ಬಳಿದಿದ್ದೀಯಲ್ಲ. ಕರೆಂಟು ಎಲ್ಲಿಂದ ಬರಬೇಕು? ನಿಜವಾದ ಹಳಿಗೆ ಪಕ್ಕದಲ್ಲಿ ತುಕ್ಕು, ನೆತ್ತಿ ಮಾತ್ರ ಬೆಳ್ಳಿ. ಮೂವತ್ತು ವರ್ಷ ಏನು ನೋಡ್ತಿದ್ದೆ?"

"ಸಿಗ್ನಲ್ಲು. ನಿನ್ನ ಹಾಗೆ ಹಿಂದೆ ಕೂತು ತೂಕಡಿಸ್ತಿರಲಿಲ್ಲ."

"ಗಾರ್ಡಣ್ಣ, ನೀವು ಕೂತ್ಕೊಳ್ಳಿ, ನಾನು ಒರೆಸ್ತೀನಿ," ಎಂದಳು ಹೆಂಡತಿ.

"ಕೂತೂ ಕೂತೂ ಸಾಕಾಗಿದೆ ತಂಗಿ. ಬಟ್ಟೆ ಕೊಡು."

ಸ್ಟೇಷನ್ನಿನಿಂದ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹಳಿ ಉಜ್ಜುತ್ತ ಹೊರಟರು. ಸುರಂಗದ ಬಾಯಲ್ಲಿ ಎರಡು ಬೋಳುತಲೆ ಢೀ ಕೊಟ್ಟವು.

"ಗಾಡಿಯಲ್ಲಿ ಒಂದು ದಿನವೂ ಇಷ್ಟು ಹತ್ತಿರ ಬಂದಿರಲಿಲ್ಲ ನೋಡು," ಎಂದರು ಗಾರ್ಡು, ಹಣೆ ಸವರಿಕೊಳ್ಳುತ್ತ.

ಡ್ರೈವರು ಗುಂಡಿಯ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ. ಗಾರ್ಡರ ಕಡೆಯೇ ನೋಡುತ್ತ ಕಾದರು. ಹೆಂಡತಿಗೆ ಒಂದು ಗಳಿಗೆ ಬಿಟ್ಟು ಹೊಳೆಯಿತು. ಹುಲ್ಲಿಗೆಂದು ಕಲಸಿಟ್ಟಿದ್ದ ಹಸಿರು ಬಣ್ಣದಲ್ಲಿ ಬ್ರಷ್ಷು ಅದ್ದಿ ಗಾರ್ಡರ ಕೈಗಿತ್ತಳು.

ಗಾರ್ಡು ಕೋಲನ್ನು ಗೋಡೆಗೆ ಒರಗಿಸಿ, ನೆಟ್ಟಗೆ ನಿಂತು, ಬ್ರಷ್ಷನ್ನು ಹಸಿರು ಬಾವುಟದಂತೆ ಎತ್ತಿ ಆಡಿಸಿದರು. ಗಾಡಿ ಹೊರಟಿತು. ಸಿಡಿದ ಒಂದು ಹಸಿರು ಹನಿ ಕಂದು ಗುಡ್ಡದ ತುದಿಗೆ ಬಿತ್ತು. ಅದನ್ನು ಯಾರೂ ಒರೆಸಲಿಲ್ಲ.