ಮದ್ದು ಕಲಸುವ ಬೆರಳು

ಕಿರುಬೆರಳ ಪಕ್ಕದ ಬೆರಳಿಗೆ ನಮ್ಮ ಜೌಗು ಸೀಮೆಯಲ್ಲಿ ಲೀಚ್ ಬೆರಳು ಅಂತಲೇ ಹೆಸರು. ಲೀಚ್ ಅಂದರೆ ಇಲ್ಲಿ ಜಿಗಣೆಯಲ್ಲ, ಮದ್ದು ಕೊಡುವವರು. ಉಂಗುರಬೆರಳು ಅನ್ನುವುದೆಲ್ಲ ಪೇಟೆಯವರ ಬೆಡಗು. ಆ ಬೆರಳಿನಿಂದ ಒಂದು ನರ ಸೀದಾ ಹೃದಯಕ್ಕೆ ಹೋಗುತ್ತದಂತೆ. ಮದ್ದನ್ನು ಅದರಲ್ಲೇ ಕಲಸಬೇಕು, ವಿಷವಿದ್ದರೆ ಎದೆ ಝಲ್ಲೆನ್ನುತ್ತದಂತೆ. ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಹೆಸರು. ಉಂಗುರವೂ ಅಲ್ಲಿಗೆ ಏರಿದ್ದು ಅದೇ ನರದ ನೆಪದಲ್ಲಿ. ಹೆಸರಿಟ್ಟವರ ಬಾಯಿಗೆ ಮಣ್ಣು ಹಾಕ!

ನನ್ನ ಅತ್ತೆ ವೈಮಾರ್ಕ್ ನಲವತ್ತು ವರ್ಷ ಊರಿಗೆ ಮದ್ದು ಕಲಸಿದವಳು. ಹೋದ ಚಳಿಗಾಲದ ಹಿಮಕ್ಕೆ ಅವಳ ಆ ಬೆರಳು ಕರ್ರಗಾಗಿ ಸತ್ತುಹೋಯಿತು. ಈ ಬೇಸಿಗೆಯಲ್ಲಿ ನನ್ನ ಗಂಡ ಹ್ಯಾಮೊ ಚಳಿಜ್ವರ ಹಿಡಿದು ಮಲಗಿದ. ಹಾವುಮೀನು ಹಿಡಿಯಲು ನೀರಿಗಿಳಿದು ಬಂದವನು ಒಂಬತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಅತ್ತೆ ಬೇರು ಅರೆದು ಬೋಗುಣಿಗೆ ಹಾಕಿದಳು. "ಹವೀಸ್, ನೀನೇ ಕಲಸು. ನನ್ನ ಬೆರಳು ಕೊರಡಾಗಿದೆ."

"ನಂಗ್ ಗೊತ್ತಾಗುತ್ತಾ ಅತ್ತೆ?"

"ನಿನ್ನ ಎದೆಗೆ ಗೊತ್ತಾಗುತ್ತೆ ಕಣೇ, ಕಲಸು."

ಪಕ್ಕದ ಮನೆಯ ಎಮೊಟ್ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಯಾವಾಗಲೂ ಬೇರೆಯವರ ಒಲೆಯ ಮೇಲೆ. ನಾನು ಉಂಗುರ ತೆಗೆದಿಟ್ಟು ಬೆರಳು ಅದ್ದಿದೆ. ಆಗಲೇ ಹ್ಯಾಮೊ ನರಳಿದ. ನನ್ನ ಎದೆ ಝಲ್ಲೆಂದಿತು.

"ಬೇಡ, ಇದ್ರಲ್ಲಿ ಏನೋ ಇದೆ!" ಅಂದವಳೇ ಬೋಗುಣಿಯನ್ನು ಹಿತ್ತಲಿಗೆ ಸುರಿದುಬಿಟ್ಟೆ.

"ಅಯ್ಯೋ, ಮನೇಲಿದ್ದ ಬೇರು ಅಷ್ಟೇ ಆಗಿತ್ತಲ್ಲೇ!" ಅತ್ತೆ ಕುಸಿದು ಕೂತಳು.

"ಹೆತ್ತ ಮಗನ್ನೇ ಕೊಲ್ತಿದ್ದೆಯಲ್ಲೇ, ಮುದುಕಿ!" ಎಂದು ಎಮೊಟ್ ಬೀದಿಗೆ ಓಡಿದಳು.

ಸುರಿದದ್ದನ್ನು ನಮ್ಮ ಹಂದಿ ಒಂದು ಹನಿ ಬಿಡದೆ ನೆಕ್ಕಿತು. ಎರಡು ದಿನ ನಾನು ಅದನ್ನೇ ನೋಡುತ್ತ ಕೂತೆ. ಸಾಯಲಿ ದೇವರೇ, ಈ ಹಂದಿ ಸಾಯಲಿ ಎಂದು ಬೇಡಿಕೊಂಡೆ. ಮೂರನೆಯ ದಿನ ಹ್ಯಾಮೊ ಸತ್ತ. ಹಂದಿ ಗಟ್ಟಿಮುಟ್ಟಾಗಿ ಬೇಲಿಗೆ ಮೈ ಉಜ್ಜುತ್ತಿತ್ತು.

ಎಮೊಟ್ ಹಬ್ಬಿಸಿದ ಮಾತಿಗೆ ಚರ್ಚಿನ ಮುಂದೆ ಊರು ಸೇರಿತು. ಪಾದ್ರಿ ನನ್ನನ್ನು ಕೇಳಿದರು: "ಕಲಸಿದಾಗ ನಿನ್ನ ಎದೆ ನಡುಗಿತೇನಮ್ಮಾ?"

"ನಡುಗಿತು ಫಾದರ್," ಅಂದೆ.

ಅದೇನೂ ಸುಳ್ಳಲ್ಲ. ಗಂಡ ಸಾಯುತ್ತಾನೆಂಬ ಭಯಕ್ಕೆ ನಡುಗಿತ್ತು, ಮದ್ದಿಗಲ್ಲ. ಅಷ್ಟು ಹೇಳಿದ್ದರೆ ಹ್ಯಾಮೊನನ್ನು ಕೊಂದವಳು ನಾನಾಗುತ್ತಿದ್ದೆ. ಹಂದಿಯ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ವಿಷ ಹಾಕಿದವಳು ಊರಲ್ಲಿರಬಾರದು ಎಂದು ತೀರ್ಮಾನವಾಯಿತು. ನನ್ನಂಥ ಹೇಡಿ ಇನ್ನೊಬ್ಬಳು ಇರಲಾರಳು.

ಅತ್ತೆ ಗಂಟು ಕಟ್ಟಿಕೊಂಡು ಹೊರಟಳು. ಬೇಲಿಯ ಬಳಿ ನಿಂತು ಹಂದಿಯನ್ನು ನೋಡಿದಳು, ಆಮೇಲೆ ನನ್ನನ್ನು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಮೂರು ದಿನದಿಂದ ಯಾರೂ ಅದಕ್ಕೆ ಏನೂ ಹಾಕಿಲ್ಲ," ಅಂದಳು. "ಹೋಗು, ತೌಡು ಕಲಸಿ ಹಾಕು."